ಎಂಟು ಜನರ ತೂಕ

ನೆಂಟರಿಷ್ಟರನ್ನು ಹೊಳೆ ಸುತ್ತಿಸಲೆಂದು ಕಟ್ಟಿಸಿದ ದೋಣಿ. ಅದಕ್ಕೊಂದು ನೋಂದಣಿ ನಂಬರು ಪಡೆಯಲು ಜಟ್ಟಪ್ಪ ಆರು ತಿಂಗಳು ಬಂದರು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ. ಕೊನೆಗೂ ಇನ್‌ಸ್ಪೆಕ್ಟರು ಪರೀಕ್ಷೆಗೆ ಬಂದರು.

"ಎಂಟು ಜನ ಕೂರೋ ದೋಣಿ ಅಂತೀಯ. ಅಷ್ಟೇ ತೂಕದ ಮರಳಿನ ಚೀಲ ಹೇರಿ ಒಂದು ಸುತ್ತು ಹೊಡೆದು ತೋರ್ಸು."

ಜಟ್ಟಪ್ಪ ಹೊಳೆದಂಡೆಯ ಮರಳನ್ನೇ ಚೀಲಗಳಿಗೆ ತುಂಬಿ ಹೇರಿದ. ದೋಣಿ ಒಂದಿಷ್ಟೂ ವಾಲದೆ ಸುತ್ತು ಮುಗಿಸಿ ಬಂತು. ದಡದಲ್ಲಿ ಗಣಿ ಇಲಾಖೆಯ ಜೀಪು ನಿಂತಿತ್ತು.

"ಪರ್ಮಿಟ್ ಇಲ್ದೆ ಮರಳು ಸಾಗಿಸ್ತೀಯಾ? ದೋಣಿ ಜಪ್ತಿ!" ಎಂದ ಗಣಿ ಅಧಿಕಾರಿ.

"ಅಯ್ಯೋ, ಇದು ಪರೀಕ್ಷೆಗೆ ಹೇರಿದ್ದು! ನೀವಾದ್ರೂ ಹೇಳಿ ಸಾಹೇಬ್ರೆ," ಎಂದು ಜಟ್ಟಪ್ಪ ಇನ್‌ಸ್ಪೆಕ್ಟರತ್ತ ತಿರುಗಿದ.

"ಚೀಲ ಹೇರು ಅಂದಿದ್ದು ನಾನೇ. ಹೊಳೆ ಮರಳು ತುಂಬು ಅಂದಿದ್ನಾ?"

ಗಣಿ ಅಧಿಕಾರಿ ಜಪ್ತಿ ಪತ್ರ ಬರೆಯುತ್ತ ತಲೆಯೆತ್ತಿದ. "ದೋಣಿ ನಂಬರು ಹೇಳು."

ಜಟ್ಟಪ್ಪನಿಗೆ ಹೋದ ಜೀವ ಬಂದಂತಾಯಿತು. "ನಂಬರೇ ಇನ್ನೂ ಆಗಿಲ್ಲ ಸಾಹೇಬ್ರೆ!"

"ಥೂ, ನಂಬರಿಲ್ದೆ ಜಪ್ತಿ ಬರೆಯೋಕೆ ಬರಲ್ವಲ್ಲ," ಎಂದು ಅಧಿಕಾರಿ ಪೆನ್ನು ಮುಚ್ಚಿದ.

ಇನ್‌ಸ್ಪೆಕ್ಟರು ಜೀಪಿನ ಬಾನೆಟ್ಟಿನ ಮೇಲೆ ಕಡತ ಬಿಚ್ಚಿ, ಸಹಿ ಹಾಕಿ, ಸೀಲು ಒತ್ತಿದರು.

"ತಗೋ ಜಟ್ಟಪ್ಪ, ನಿನ್ನ ನಂಬರು."