ಗಟ್ಟಿ ತುಂಡು

“ನಿಮ್ಮಲ್ಲಿ ಅತಿ ಗಟ್ಟಿ ತುಂಡು ಯಾವುದೋ, ಅದನ್ನೇ ತನ್ನಿ,” ಅಂದ ಅಪ್ಪ.

ಬರೆದುಕೊಳ್ಳಲು ಪೆನ್ನು ಎತ್ತಿದ ವೇಟರ್ ಹಾಗೇ ನಿಂತುಬಿಟ್ಟ. ಊರಿಗೆಲ್ಲ ದುಬಾರಿಯಾದ, ಮಾಂಸದ ದಪ್ಪ ತುಂಡು ಸುಟ್ಟು ಬಡಿಸುವ ಆ ಸ್ಟೇಕ್ ಹೋಟೆಲಿನಲ್ಲಿ ಅವನಿಗೆ ಇಂಥ ಗಿರಾಕಿ ಸಿಕ್ಕಿದ್ದು ಇದೇ ಮೊದಲು. “ಸರ್, ನಮ್ಮಲ್ಲಿ ಗಟ್ಟಿ ಅನ್ನೋದೇ ಇಲ್ಲ. ಎಲ್ಲಾ ಬೆಣ್ಣೆ ಥರ ಇರುತ್ತೆ.”

“ಬೆಣ್ಣೆ ತಿನ್ನೋಕೆ ಹಲ್ಲು ಯಾಕ್ರೀ? ಮೂಳೆ ಪಕ್ಕದ್ದು ಕೊಡಿ. ನರ ಇದ್ರೆ ಇನ್ನೂ ಒಳ್ಳೇದು. ಬೆಂಕಿ ಮೇಲೆ ಇನ್ನೊಂದಷ್ಟು ಹೊತ್ತು ಬಿಡಿ.”

ಎದುರಿಗೆ ಕೂತಿದ್ದ ಮಗಳು ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದಳು. ಅಪ್ಪ ಹಲ್ಲಿನ ಸೆಟ್ಟು ಮಾಡುವವನು. ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ತೆಗೆದು ಕಳಿಸುವುದು ಅವನ ವರ್ಕ್‌ಶಾಪಿಗೇ. ಅಲ್ಲಿ ಅವಳು ಒಂಬತ್ತು ವರ್ಷ ಪ್ಲಾಸ್ಟರ್ ಕಲಸಿದ್ದಾಳೆ, ಮೇಣ ಕೆತ್ತಿದ್ದಾಳೆ, ದಿನಕ್ಕೆ ನಾಲ್ಕು ಸಲ ‘ಮತ್ತೆ ಮಾಡು’ ಅನ್ನಿಸಿಕೊಂಡಿದ್ದಾಳೆ. ಅಪ್ಪನ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಹೊಗಳಿಕೆ ಅಂದರೆ ‘ಪರವಾಗಿಲ್ಲ’. ಅದನ್ನೂ ಅವನು ತನ್ನ ಕೆಲಸಕ್ಕೆ ಮಾತ್ರ ಹೇಳಿಕೊಳ್ಳುತ್ತಿದ್ದ. ಮಾಡಿದವರು ಯಾರೇ ಆಗಲಿ, ಹೊರಗೆ ಹೋಗುವ ಪ್ರತಿ ಸೆಟ್ಟಿನ ಚೀಟಿಯ ಮೇಲೆ ಸಹಿ ಅವನದೇ.

ಮೊನ್ನೆ ಅವಳು ಹಲ್ಲು ಕಟ್ಟುವ ಲೈಸೆನ್ಸ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲನೆಯವಳಾಗಿ ಪಾಸಾದಳು. ಪರೀಕ್ಷೆಗೆಂದು ಮಾಡಿದ್ದು ಅಪ್ಪನ ಬಾಯಿಯ ಸೆಟ್ಟನ್ನೇ. ಊರಿಗೆಲ್ಲ ಹಲ್ಲು ಕಟ್ಟಿದವನು, ತಾನು ಮಾತ್ರ ಸಡಿಲವಾದ ಹಳೇ ಸೆಟ್ಟಿನಲ್ಲೇ ಹನ್ನೊಂದು ವರ್ಷ ಮೆತ್ತಗಿನದನ್ನು ನುಂಗಿ ಕಾಲ ಹಾಕಿದ್ದ. ನಕ್ಕರೆ ಕೆಳಗಿನ ಸಾಲು ಎದ್ದು ಬರುತ್ತದೆಂದು ಬಾಯಿಗೆ ಕೈ ಅಡ್ಡ ಇಟ್ಟೇ ನಗುತ್ತಿದ್ದ. ಮಗಳು ಮಾಡಿದ್ದನ್ನು ನಿನ್ನೆ ಹಾಕಿಕೊಂಡು, ಕನ್ನಡಿ ಕೂಡ ನೋಡದೆ ಹೇಳಿದ್ದ: “ಪರೀಕ್ಷೆ ಮಾಡೋರು ಕಣ್ಣಲ್ಲಿ ನೋಡ್ತಾರೆ. ಹಲ್ಲನ್ನ ಅಗಿದೇ ನೋಡಬೇಕು. ನಾಳೆ ಸ್ಟೇಕ್ ತಿನ್ನೋಣ. ನೀನು ಪಾಸಾದ ಖುಷಿಗೂ ಆಯ್ತು, ನನ್ನ ಪರೀಕ್ಷೆಗೂ ಆಯ್ತು. ಇದರಲ್ಲೂ ಪಾಸಾದ್ರೆ, ಮುಂದೆ ಚೀಟಿಗೆ ನೀನೇ ಸಹಿ ಹಾಕು.”

ಸಾಲದ್ದಕ್ಕೆ, ಕೂತ ತಕ್ಷಣ ಕೋಟಿನ ಜೇಬಿನಿಂದ ಒಂದು ಡಬ್ಬಿ ತೆಗೆದು ತಟ್ಟೆಯ ಪಕ್ಕ ಇಟ್ಟು, ಮೇಲೆ ನ್ಯಾಪ್ಕಿನ್ ಮುಚ್ಚಿದ್ದ. ಅದರೊಳಗೆ ಹಳೇ ಸೆಟ್ಟು ಇತ್ತು.

“ಅದನ್ನ ಯಾಕಪ್ಪಾ ತರೋಕೆ ಹೋದೆ?”

“ಇರಲಿ ಬಿಡು. ಸ್ಟೆಪ್ನಿ ಇಲ್ಲದೆ ಗಾಡಿ ತೆಗೀಬಾರದು.”

ಮಗಳಿಗೆ ಚುರ್ರೆಂದಿತು.

ಸ್ಟೇಕ್ ಬಂತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಅಪ್ಪನ ಪಾಲಿಗೆ ಎರಡೂ ಕೂಡಿ ಬಂದದ್ದು ಅವತ್ತೇ. ಅವನು ಒಂದು ತುಂಡು ಕತ್ತರಿಸಿ ಬಾಯಿಗಿಟ್ಟ. ಇನ್ನೊಂದಿಟ್ಟ. ಮಗಳು ತನ್ನ ತಟ್ಟೆ ಮುಟ್ಟದೆ ಅವನ ದವಡೆಯನ್ನೇ ನೋಡುತ್ತಿದ್ದಳು. ಮೂರನೆಯ ತುಂಡಿಗೆ ದವಡೆ ನಿಂತಿತು. ಅಪ್ಪನ ಕೈ ಮೆಲ್ಲಗೆ ಬಾಯಿಯ ಕಡೆಗೆ ಎದ್ದಿತು. ಆ ಕೈಯನ್ನು ಅವಳು ಹನ್ನೊಂದು ವರ್ಷದಿಂದ ಬಲ್ಲಳು.

ಕೈ ಬಾಯಿಯನ್ನು ದಾಟಿ ಎಡಗೆನ್ನೆಯನ್ನು ಮುಟ್ಟಿ ನೋಡಿಕೊಂಡಿತು.

“ಎಡಗಡೆ...” ಅಂದ ಅಪ್ಪ.

“ಎಡಗಡೆ ಏನಪ್ಪಾ? ಎತ್ತರ ಆಯ್ತಾ? ಒಸಡಿಗೆ ಚುಚ್ತಾ?”

“ಎಡಗಡೇನೂ ಅಗೀತಾ ಇದೀನಿ ಕಣೇ. ನಾನು ಕಟ್ಕೊಂಡಿದ್ದರಲ್ಲಿ ಬರೀ ಬಲಗಡೆ ಆಗ್ತಿತ್ತು.”

ಅಷ್ಟೇ. ಆಮೇಲೆ ಬಗ್ಗಿ ತಿಂದದ್ದೇ ತಿಂದದ್ದು. ತಟ್ಟೆಯಲ್ಲಿ ಮೂಳೆ ಮಾತ್ರ ಉಳಿಯಿತು. “ನೀನು ತಿನ್ನಲ್ವಾ? ಹಾಗಾದ್ರೆ ಈ ಕಡೆ ತಳ್ಳು,” ಎಂದು ಅವಳದನ್ನೂ ಎಳೆದುಕೊಂಡ. ಒಂದು ತುತ್ತೂ ಇಳಿಯದೆ ಮಗಳಿಗೆ ಹೊಟ್ಟೆ ತುಂಬಿತ್ತು. ಪರೀಕ್ಷೆಯ ಫಲಿತಾಂಶ ಬಂದ ದಿನ ಕೂಡ ಅವಳಿಗೆ ಇಷ್ಟು ಹೆಮ್ಮೆ ಆಗಿರಲಿಲ್ಲ. ಆದರೆ ಸಹಿಯ ಮಾತನ್ನು ಅಪ್ಪ ಎತ್ತಲಿಲ್ಲ, ತಾನಾಗಿ ಅವಳೂ ಕೇಳಲಿಲ್ಲ.

ಇಬ್ಬರೂ ಹೊರಗೆ ಬಂದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ವೇಟರ್ ಓಡಿ ಬಂದ. ಒಂದು ಕೈಯಲ್ಲಿ ಪುಸ್ತಕ. ಇನ್ನೊಂದು ಕೈಯಲ್ಲಿ, ಮೈಯಿಂದ ಆದಷ್ಟು ದೂರ ಹಿಡಿದ ಡಬ್ಬಿ.

“ಸರ್! ನಿಮ್ಮ ಹಲ್ಲು ಬಿಟ್ಟು ಬಂದಿದೀರಿ!”

ಮೇಜು ಖಾಲಿಯಾಗಲೆಂದು ಬಾಗಿಲಲ್ಲಿ ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದರು. ಅಪ್ಪ ನಕ್ಕ. ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲೇ ಬಿಟ್ಟು, ಇಪ್ಪತ್ತೆಂಟು ಹಲ್ಲೂ ಕಾಣುವ ಹಾಗೆ ನಕ್ಕ.

“ನನ್ನ ಹಲ್ಲು ಬಾಯಲ್ಲೇ ಇದೆಯಲ್ರೀ!”

ವೇಟರ್ ಡಬ್ಬಿಯನ್ನೊಮ್ಮೆ, ಬಾಯಿಯನ್ನೊಮ್ಮೆ ನೋಡಿದ. “ಹೌದು ಸರ್... ಆದ್ರೂ ಮರೆತ ಸಾಮಾನು ವಾಪಸ್ ಕೊಟ್ಟಿದ್ದಕ್ಕೆ ಒಂದು ಸಹಿ ಬೇಕು,” ಎಂದು ಪುಸ್ತಕ ಚಾಚಿದ.

ಅಪ್ಪ ಜೇಬಿನಿಂದ ಕೈ ತೆಗೆಯಲಿಲ್ಲ. ಗದ್ದದಿಂದಲೇ ಮಗಳತ್ತ ತೋರಿಸಿದ. “ಅವರ ಹತ್ರ ಹಾಕಿಸ್ಕೊಳ್ಳಿ. ಹಲ್ಲಿನ ವಿಷಯಕ್ಕೆ ಇನ್ನು ಮೇಲೆ ಸಹಿ ಅವರದೇ.”

ಮಗಳು ಪೆನ್ನು ತೆಗೆದುಕೊಂಡಳು. ಸಹಿ ಸ್ವಲ್ಪ ಸೊಟ್ಟಗಾಯಿತು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಸೆಟ್ಟು ನೋಡುವ ಹಾಗೆಯೇ ಆ ಸಹಿಯನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡಿದ.

“ಪರವಾಗಿಲ್ಲ,” ಅಂದ.