ಟೌನ್ ಹಾಲಿನಲ್ಲಿ ನನ್ನ ಬೂಟು

ಹೊಸ ಬೂಟಿನ ವಾಸನೆ ಬಂದರೆ ಈಗಲೂ ನನಗೆ ನಮ್ಮೂರ ಟೌನ್ ಹಾಲಿನ ಬಾಗಿಲು ನೆನಪಾಗುತ್ತದೆ. ಅದು ಹಿಂದೆ ಚರ್ಚ್ ಆಗಿತ್ತು. ನಾನು ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಅಲ್ಲಿ ನನ್ನ ಭಾಷಣವಿತ್ತು. ನನಗೆ ಭಾಷಣಕ್ಕಿಂತ ಹೊಸ ಬೂಟು ತೋರಿಸುವುದೇ ಮುಖ್ಯವಾಗಿತ್ತು. ಕೊಬ್ಬರಿ ಎಣ್ಣೆ ತಿಕ್ಕಿ, ತೋಟದ ಕಾಗೆ ಬಗ್ಗಿ ಮುಖ ನೋಡಿಕೊಳ್ಳುವಷ್ಟು ಹೊಳಪು ಬರಿಸಿದ್ದೆ.

ಬಾಗಿಲಲ್ಲೇ ಅಜ್ಜಿ ತಡೆದಳು. “ಬೂಟು ಬಿಚ್ಲಾ.”

“ಈಗಿಲ್ಲಿ ದೇವ್ರಿಲ್ಲ ಕಣಜ್ಜಿ, ಬರೀ ಮೀಟಿಂಗು!”

“ದೇವ್ರು ಹೋಗೋವಾಗ ನಿಂಗೇಳಿ ಹೋದ್ನೇನ್ಲಾ? ಬಿಚ್ಚು.”

ಬಿಚ್ಚಿದೆ. ಒಳಗೆ ಅಧ್ಯಕ್ಷರೂ ಬರಿಗಾಲಲ್ಲೇ ಕೂತಿದ್ದರು. ವೇದಿಕೆ ಹತ್ತಿದವನೇ ಗಂಟಲು ಸರಿಮಾಡಿಕೊಂಡು ಹೇಳಿದೆ: “ಮಾನ್ಯರೇ, ಬಾಗ್ಲತ್ರ ಹೊಳೀತಿರೋ ಬೂಟು ನಂದು. ಹೋಗೋವಾಗ ಎಲ್ರೂ ನೋಡ್ಕೊಂಡ್ ಹೋಗಿ.”

ಪ್ರಾರ್ಥನೆಗೆಂದು ಕಟ್ಟಿದ್ದ ಆ ಎತ್ತರದ ಚಾವಣಿ ನನ್ನ ಮಾತನ್ನು ಮೂರು ಸಲ ಸಾರಿತು.