ಏಂಜೆಲ್ ಮೀನಿನ ಗಂಟು

ಉಪ್ಪಿನಕಾಯಿ ಬಾಟಲಿಯಲ್ಲಿ ತಂದಿದ್ದ ಏಂಜೆಲ್ ಮೀನನ್ನು ಅಕ್ವೇರಿಯಂ ಅಂಗಡಿಯವನು ಬೆಳಕಿಗೆ ಹಿಡಿದು ನೋಡಿದ. ರೆಕ್ಕೆಯ ಅಂಚಿಗೆ ಹೂಕೋಸಿನಂಥ ಬಿಳಿ ಗಂಟುಗಳು ಅಂಟಿಕೊಂಡಿದ್ದವು.

"ನೀರು ಯಾಕಮ್ಮ ಹಳದಿ?"

"ಅರಿಶಿನ ಹಾಕ್ದೆ. ಗಂಟಿಗೆ ಒಳ್ಳೇದಲ್ವಾ?" ಎಂದಳು ತಾಯಿ.

"ಅಯ್ಯೋ, ಮೀನಿಗೆ ಯಾರಾದ್ರೂ ಅರಿಶಿನ ಹಾಕ್ತಾರಾ! ಇದು ವೈರಸ್ಸು. ಇದಕ್ಕೆ ಔಷಧಿ ಇಲ್ಲ."

ಏಳು ವರ್ಷದ ಮಗಳು ಬಾಟಲಿಯನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. "ಸತ್ತೋಗುತ್ತಾ ಅಂಕಲ್?"

"ಇಲ್ಲ ಪುಟ್ಟಿ. ಔಷಧಿ ಇಲ್ದಿದ್ರೂ ವಾಸಿಯಾಗುತ್ತೆ. ಮನೆಗೆ ಕರ್ಕೊಂಡು ಹೋಗಿ ನೆಮ್ಮದಿಯಾಗಿ ಇಟ್ಕೋ. ನೀರು ಶುದ್ಧವಾಗಿರಲಿ, ಹೊಟ್ಟೆಗೆ ಚೆನ್ನಾಗಿ ಕೊಡು. ಒಂದೆರಡು ತಿಂಗಳಲ್ಲಿ ಗಂಟೆಲ್ಲ ತಾನಾಗೇ ಉದುರಿಹೋಗುತ್ತೆ."

ವಾರದಿಂದ ನಗುವನ್ನೇ ಮರೆತಿದ್ದ ಹುಡುಗಿ ಅಂಗಡಿಯೆಲ್ಲ ಕೇಳುವಂತೆ ನಕ್ಕಳು. ಮೆಟ್ಟಿಲಿಳಿಯುವಾಗ ತಾಯಿಯ ಸೆರಗು ಹಿಡಿದು ಜಗ್ಗಿದಳು.

"ಅಮ್ಮ, ಇನ್ನು ನೀನು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಅಳಬೇಡ. ಅಪ್ಪನ ಗಂಟಿಗೂ ಡಾಕ್ಟ್ರು ಇದನ್ನೇ ತಾನೆ ಹೇಳಿದ್ದು? ಇನ್ನು ಔಷಧಿ ಇಲ್ಲ, ಮನೆಗೆ ಕರ್ಕೊಂಡು ಹೋಗಿ ನೆಮ್ಮದಿಯಾಗಿ ಇಟ್ಕೊಳ್ಳಿ ಅಂತ!"